ಹೊಳೆಯುವ ಕಡೆಯ ಕುಂಕುಮ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ನಾನು ಒಬ್ಬ ಪಾಪದ ಮನುಷ್ಯನನ್ನು ಚೆನ್ನಾಗಿ ಬೈದಿದ್ದೇನೆ. ನಮ್ಮ ಸ್ಟುಡಿಯೋದ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವನು ಅವನು. ಒಳಗೆ ಧೂಳು ಕೂತಿದೆ, ಸ್ವಲ್ಪ ಹೊಡೆದು ಕೊಡಪ್ಪಾ ಎಂದು ಕರೆದಿದ್ದೆ. ಧೂಳು ಹೊಡೆದ. ಹೊಡೆದು, ಬ್ಯಾಗಿನ ಜಿಪ್ ಎಳೆಯುತ್ತಾ, ‘ಅಕ್ಕಾ, ನಿಮ್ ಫೋಟೋ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಹೊಸಾದು ಹಾಕ್ಬಿಟ್ಟಿದೀನಿ, ಫ್ರೀ’ ಎಂದು ಹಲ್ಲು ಕಿರಿದ.

ನಮ್ಮ ಸ್ಟುಡಿಯೋ ಇದ್ದದ್ದು ಬೆಂಗಳೂರಿನ ಲಗ್ಗೆರೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಗಿರಣಿ ಶುರುವಾದರೆ ನಮ್ಮ ನೆಲ ಸಣ್ಣಗೆ ನಡುಗುತ್ತಿತ್ತು, ಕೀಬೋರ್ಡಿನ ಸಂದುಗಳಲ್ಲಿ ವರ್ಷಪೂರ್ತಿ ರಾಗಿ ಹಿಟ್ಟು. ಬರುವವರಲ್ಲಿ ಹೆಚ್ಚಿನವರು ಪೀಣ್ಯದ ಫ್ಯಾಕ್ಟರಿಗಳ ಕಡೆ ಕೆಲಸಕ್ಕೆ ಹೋಗುವವರು. ವಾರದ ದಿನಗಳಲ್ಲಿ ಗೇಟ್ ಪಾಸಿಗೆ, ಬ್ಯಾಂಕಿಗೆ ಅಂತ ಚಿಕ್ಕ ಫೋಟೋ. ಭಾನುವಾರ ಮಾತ್ರ ತಲೆಗೆ ಎಣ್ಣೆ ಹಚ್ಚಿ, ಗರಿಗರಿ ಬಟ್ಟೆ ಹಾಕಿಕೊಂಡು, ಊರಿಗೆ ಕಳಿಸುವುದಕ್ಕೆ ದೊಡ್ಡ ಫೋಟೋ. ಕ್ಯಾಮೆರಾ ಹಿಡಿಯುತ್ತಿದ್ದವಳು ನಾನು. ನಮ್ಮಪ್ಪನಿಗೆ ನೆಲಮಂಗಲದಲ್ಲಿ ಸ್ಟುಡಿಯೋ ಇತ್ತು, ಅಲ್ಲಿ ಕಲಿತ ವಿದ್ಯೆ. ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ನಮ್ಮ ಮನೆಯವರು.

ಅವರು ಮೊದಲು ಪೀಣ್ಯದಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದರು. ತಗಡಿನಿಂದ ವಾಷರ್ ಕತ್ತರಿಸುವ ಮಷಿನ್ನು. ಒಂದು ದಿನ ಅದು ಅವರ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ತೆಗೆದುಕೊಂಡಿತು. ಆರು ತಿಂಗಳು ಮನೆಯಲ್ಲಿ ಗೋಡೆ ನೋಡುತ್ತಾ ಕೂತರು. ಆಮೇಲೆ ತಾವೇ ಎದ್ದು ಹೋಗಿ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡರು. ‘ಈ ಮಷಿನ್ನು ಕಚ್ಚಲ್ಲ ಕಣೇ’ ಎಂದರು. ಎಡಗೈಯಲ್ಲಿ, ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದರು. ಬೆರಳು ಕಮ್ಮಿ ಇದ್ದದ್ದಕ್ಕೋ ಏನೋ, ಬರೆದದ್ದೆಲ್ಲ ಒಂದೇ ಸಾಲು.

ಬರೆಯುತ್ತಿದ್ದದ್ದು ಏನು ಅಂದರೆ ಫೋಟೋದ ಕೆಳಗಿನ ಸಾಲು. ಅವರು ಸಿಡಿ ತಂದು ಹಾಕಿದ್ದ ಸಾಫ್ಟ್‌ವೇರಿನಲ್ಲಿ ಪ್ರತಿ ಫೋಟೋದ ಕೆಳಗೂ ಒಂದು ಪಟ್ಟಿ, ಅಲ್ಲಿ ನಮಗೆ ಬೇಕಾದ್ದು ಬರೆದುಕೊಳ್ಳಬಹುದಿತ್ತು. ಬೇರೆ ಸ್ಟುಡಿಯೋದವರು ಹೆಸರು, ತಾರೀಖು, ಬಿಲ್ ನಂಬರ್ ಬರೆದುಕೊಳ್ಳುತ್ತಿದ್ದರು. ನಮ್ಮವರು ಹಾಗಲ್ಲ. ‘ಜನ ಬಿಲ್ ಕಳ್ಕೊಂಡ್ ಬರ್ತಾರೆ, ತಾರೀಖು ಮರ್ತು ಬರ್ತಾರೆ. ಫೋಟೋ ತೆಗೆಸ್ಕೊಳ್ಳೋವಾಗ ಆದ ಫಜೀತಿ ಮಾತ್ರ ಮರೆಯಲ್ಲ. ನಾನು ಅದನ್ನೇ ಬರೀತೀನಿ’ ಎನ್ನುತ್ತಿದ್ದರು. ಹಾಗಾಗಿ ಕನ್ನಡದಲ್ಲಿ ಇಂಥವು: ‘ಕೋಟು ನಮ್ದು, ವಾಚು ಅವ್ರದ್ದು.’ ‘ಮೂರು ಸಲ ಕಣ್ಣು ಮುಚ್ಚಿದ್ರು.’ ‘ನಗು ಅಂದ್ರೆ ಅಳು ಬಂತು.’ ‘ಮೀಸೆ ಬೋಳಿಸಿ ಬಂದು ಪಶ್ಚಾತ್ತಾಪ.’ ಎರಡು ವರ್ಷ ಬಿಟ್ಟು ಬಂದವನು ಬಾಗಿಲಲ್ಲಿ ನಿಂತು ತಲೆ ಕೆರೆಯುತ್ತಾ, ‘ಅಣ್ಣಾ, ನಾನು ಅವತ್ತು ನಿಮ್ ಕೋಟ್ ಹಾಕ್ಕೊಂಡಿದ್ನಲ್ಲ’ ಎಂದರೆ ಸಾಕು, ಇವರು ‘ಕೋಟು’ ಎಂದು ಹುಡುಕಿ, ಬಂದ ಹತ್ತಿಪ್ಪತ್ತು ಫೋಟೋಗಳಲ್ಲಿ ಅವನ ಮುಖ ಎತ್ತಿ ತೋರಿಸುತ್ತಿದ್ದರು.

ದಿನಾ ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ಫ್ಲ್ಯಾಷ್ ಲೈಟು ಸರಿಯಿದೆಯಾ ಅಂತ ನೋಡಬೇಕಲ್ಲ, ಅದಕ್ಕೆ ಇವರನ್ನೇ ಕುರ್ಚಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆಯುತ್ತಿದ್ದೆ. ಅದು ಕಂಪ್ಯೂಟರಿಗೆ ಹೋಗಿ ಇವರು ನೋಡಿ ‘ಸರಿ ಇದೆ’ ಎಂದ ಮೇಲೆ ಗಿರಾಕಿಗೆ ಬಾಗಿಲು. ‘ರೀ, ಆ ಟೆಸ್ಟ್ ಫೋಟೋ ಎಲ್ಲ ಅಳಿಸಿಬಿಡ್ರೀ, ಜಾಗ ತಿನ್ನುತ್ತೆ’ ಎಂದು ನಾನು ಗೊಣಗುವುದು, ‘ಅಳಿಸ್ತೀನಿ ಬಿಡೇ’ ಎಂದು ಅವರು ಹೇಳುವುದು. ಅಳಿಸಿದ್ದಾರೆ ಅಂತಲೇ ನಾನು ನಂಬಿದ್ದೆ.

ಇನ್ನು ಆಯುಧಪೂಜೆ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಆ ಹಬ್ಬದ ಹುಚ್ಚು ಎಷ್ಟು ಅಂತ ಹೇಳಬೇಕಾಗಿಲ್ಲ. ಇವರು ಫ್ಯಾಕ್ಟರಿ ಬಿಟ್ಟರೂ ಅದನ್ನು ಬಿಡಲಿಲ್ಲ. ಕ್ಯಾಮೆರಾಗೆ, ಸ್ಟ್ಯಾಂಡಿಗೆ, ಪ್ರಿಂಟರಿಗೆ, ಕಂಪ್ಯೂಟರಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಕೊನೆಯಲ್ಲಿ ಆ ಸಾಫ್ಟ್‌ವೇರ್ ಸಿಡಿಯನ್ನೂ ಡಬ್ಬಿಯಿಂದ ತೆಗೆದು ತಟ್ಟೆಯಲ್ಲಿಡುತ್ತಿದ್ದರು. ‘ಅದಕ್ಕೂನಾ?’ ಎಂದು ನಾನು ನಕ್ಕರೆ, ‘ಮತ್ತೆ? ಇಡೀ ಅಂಗಡಿ ನಡಿಯೋದೇ ಇದರಿಂದ, ಇದೂ ಆಯುಧಾನೇ’ ಎನ್ನುತ್ತಿದ್ದರು. ಅದರ ಒಂದು ಕಡೆ ಅವರೇ ಪೆನ್ನಿನಲ್ಲಿ ಬರೆದ ಇಪ್ಪತ್ತು ಚಿಲ್ಲರೆ ಅಕ್ಷರಗಳ ನಂಬರಿತ್ತು. ಅದಿಲ್ಲದೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ನೀರು ತಾಗಿ ನಂಬರ್ ಅಳಿಸಬಾರದಲ್ಲ ಅಂತ ತುಂಬ ಯೋಚನೆ ಮಾಡಿ, ಹೊಳೆಯುವ ಕಡೆಗೆ ಹೆಬ್ಬೆರಳಿನಿಂದ ಕುಂಕುಮ ಒತ್ತುತ್ತಿದ್ದರು. ಆ ಹೊಳೆಯುವ ಕಡೆಯನ್ನೇ ಕಂಪ್ಯೂಟರ್ ಓದುವುದು ಅಂತ ಇಬ್ಬರ ತಲೆಗೂ ಹೊಳೆಯಲಿಲ್ಲ. ವರ್ಷಕ್ಕೊಂದು ಬೊಟ್ಟು, ಎಂಟು ವರ್ಷ.

ಒಂಬತ್ತನೆಯ ಹಬ್ಬಕ್ಕೆ ಅವರಿರಲಿಲ್ಲ. ಬೆಳಗ್ಗೆ ಅಂಗಡಿಗೆ ಬೀಗದ ಕೈ ತೆಗೆದುಕೊಂಡು ಹೊರಟವರು ಮೆಟ್ಟಿಲ ಮೇಲೆ ಕೂತರು, ಏಳಲಿಲ್ಲ. ಹಾರ್ಟು ಅಂದರು ಡಾಕ್ಟರು. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಆಮೇಲೆ ನಾನೇ ಕ್ಯಾಮೆರಾ, ನಾನೇ ಕಂಪ್ಯೂಟರು. ಎರಡು ವರ್ಷ ಹಾಗೆ ನಡೆಯಿತು. ಮಾತನಾಡಲು ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಹಳೆಯ ಫೋಟೋ ತೆರೆದು ಕೆಳಗಿನ ಸಾಲು ಓದುತ್ತಾ ಕೂರುತ್ತಿದ್ದೆ. ಓದಿದರೆ ಅವರ ದನಿಯಲ್ಲೇ ಕೇಳುತ್ತಿತ್ತು. ಯಾವುದೋ ಊರಿನ ಯಾರದೋ ಮೀಸೆಯ ವಿಷಯ, ಆದರೆ ಹೇಳುವವರು ನಮ್ಮವರು. ಅದಷ್ಟು ನನಗೆ ಉಳಿದಿತ್ತು.

ಪೀಣ್ಯಕ್ಕೆ ಮೆಟ್ರೋ ಬಂದ ವರ್ಷ ಆ ರಿಪೇರಿಯವನು ಬಂದು ಹೊಸಾದು ಹಾಕಿ ಹೋದ. ಅವನು ಮೆಟ್ಟಿಲಿಳಿದ ಮೇಲೆ ತೆರೆದು ನೋಡುತ್ತೇನೆ, ಎಲ್ಲ ಪಳಪಳ ಎನ್ನುತ್ತಿದೆ, ಬಣ್ಣವೇನು, ಜಾರುವುದೇನು! ಫೋಟೋಗಳೆಲ್ಲ ಇವೆ. ಕೆಳಗಿನ ಸಾಲುಗಳು ಮಾತ್ರ ಕನ್ನಡ ಅಲ್ಲ. ಕೊಕ್ಕೆ, ಕಾಮಾ, ಇಂಗ್ಲಿಷಿನ ಒಡೆದ ಅಕ್ಷರ, ಮೇಲೊಂದು ಚುಕ್ಕೆ. ಇವರು ಬಳಸುತ್ತಿದ್ದ ಹಳೆಯ ಕನ್ನಡ ಫಾಂಟು ಹೊಸದಕ್ಕೆ ಅರ್ಥವೇ ಆಗುವುದಿಲ್ಲವಂತೆ. ‘ಕೋಟು’ ಎಂದು ಹುಡುಕಿದೆ. ಏನೂ ಸಿಗಲಿಲ್ಲ. ‘ಮೀಸೆ’ ಎಂದೆ. ಅದೂ ಇಲ್ಲ. ಪುಣ್ಯಕ್ಕೆ ಅದು ತಾರೀಖಿನ ಪ್ರಕಾರ ಫೋಟೋ ಜೋಡಿಸುತ್ತಿತ್ತು, ಅದಾದರೂ ಸಿಗಲಿ ಅಂತ ನೋಡಿದರೆ ಎಲ್ಲ ಒಂದೇ ದಿನ, ಜನವರಿ ಒಂದು! ನಮ್ಮ ಕ್ಯಾಮೆರಾ ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ಜನವರಿ ಒಂದಕ್ಕೆ ಹೋಗಿಬಿಡುತ್ತಿತ್ತು; ಸರಿಮಾಡುವ ಗೋಜಿಗೆ ನಾವಿಬ್ಬರೂ ಹೋಗಿರಲಿಲ್ಲ. ಲಗ್ಗೆರೆಯ ಅರ್ಧ ಜನ ಒಂದೇ ದಿನ ನಮ್ಮಲ್ಲಿಗೆ ಬಂದು ಹೋದ ಹಾಗಾಯಿತು.

ಅದೇ ವಾರ ಒಬ್ಬ ಹೆಂಗಸು ಬಂದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸ, ಮೊಣಕೈವರೆಗೆ ಸಿಮೆಂಟು ಒಣಗಿತ್ತು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಳು.

‘ಅಕ್ಕಾರ, ಐದಾರು ವರ್ಷದ ಹಿಂದ ನಮ್ಮವ್ವಂದು ಒಂದ್ ಪೋಟೊ ತಗಿಸಿದ್ನಿರಿ ಇಲ್ಲೇ. ಆಕಿ ಊರಿಂದ ಬಂದಿದ್ಲು. ನಮ್ಮ ಶೆಡ್ಡಿನಾಗ ನೀರು ಹೊಕ್ಕು ಅದು ಬೆಳ್ಳಗಾಗಿಬಿಟ್ಟದ. ಹೋದ ಶ್ರಾವಣದಾಗ ಅವ್ವ ತೀರಿಕೊಂಡ್ಲು. ಬ್ಯಾರೆ ಪೋಟೊ ಒಂದೂ ಇಲ್ರಿ.’

‘ಏನಾದ್ರೂ ನೆನಪಿದ್ಯಾ? ಯಾವ ಸೀರೆ, ಏನಾದ್ರೂ?’ ಎಂದೆ.

‘ಸೀರಿ ನೆಪ್ಪಿಲ್ರಿ. ಕುರ್ಚಿ ಮ್ಯಾಲ ಕುಂದ್ರಲಾರೆ ಅಂತ ಹಟ ಹಿಡಿದ್ಲು. ನೆಲಕ್ಕ ಕುಂತು ತಗಿಸ್ಕೊಂಡ್ಲು. ಸಾಹೇಬ್ರು ನಕ್ಕೋತ ಕಂಪ್ಯೂಟರಿನಾಗ ಏನೋ ಬರ್ಕೊಂಡ್ರು.’

ಏನು ಬರೆದುಕೊಂಡಿರುತ್ತಾರೆ ಅಂತ ನನಗೆ ಗೊತ್ತು. ಹುಡುಕಲು ಮಾತ್ರ ಆಗುವುದಿಲ್ಲ. ಆ ಜನವರಿ ಒಂದರ ಸಾವಿರಾರು ಮುಖಗಳನ್ನು ಒಂದು ಗಂಟೆ ಜಾರಿಸಿದೆ, ಕಣ್ಣು ಮಂಜಾಯಿತು. ಇನ್ನೊಂದು ಸಲ ಬಾರಮ್ಮಾ ಎಂದು ಕಳಿಸಿದೆ. ‘ಆತ್ರಿ’ ಎಂದು ಹೋದಳು. ಅವಳು ಒಂದು ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಅವಳು ಹೋದ ಮೇಲೂ ನಾನು ಜಾರಿಸುತ್ತಲೇ ಇದ್ದೆ. ಹೊಸ ಸಾಫ್ಟ್‌ವೇರಿಗೆ ಒಂದು ಚಾಳಿ ಇತ್ತು: ಒಂದೇ ಮುಖದ ಫೋಟೋಗಳನ್ನೆಲ್ಲ ತಾನೇ ಒಟ್ಟು ಮಾಡಿ, ಮುಖವನ್ನು ದುಂಡಗೆ ಕತ್ತರಿಸಿ ತೋರಿಸಿ, ಇವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳುವುದು. ಅದರ ಮೊದಲನೆಯ ದುಂಡಿನಲ್ಲಿ ನಮ್ಮ ಮನೆಯವರಿದ್ದರು. ಒತ್ತಿದೆ. ಒಂದರ ಹಿಂದೆ ಒಂದು ತೆರೆದುಕೊಂಡವು. ಅದೇ ಕುರ್ಚಿ, ಅದೇ ನೀಲಿ ಪರದೆ, ಸಾವಿರಾರು ಬೆಳಗ್ಗೆಗಳು. ಟೆಸ್ಟ್ ಫೋಟೋ ಒಂದನ್ನೂ ಅವರು ಅಳಿಸಿರಲಿಲ್ಲ! ಕೂದಲು ಕಪ್ಪಗಿರುವಾಗಿನಿಂದ ನರೆಯುವವರೆಗೂ ಎಲ್ಲವನ್ನೂ ಇಟ್ಟಿದ್ದರು, ನಾನು ತೆರೆಯದ ಯಾವುದೋ ಮೂಲೆಯ ಫೋಲ್ಡರಿನಲ್ಲಿ, ನನ್ನಿಂದ ಬಚ್ಚಿಟ್ಟು. ಅಷ್ಟೇ ಅಲ್ಲ, ಪ್ರತಿಯೊಂದರ ಕೆಳಗೂ ಒಂದು ಸಾಲು. ಕೊಕ್ಕೆ, ಕಾಮಾ, ಒಡೆದ ಅಕ್ಷರ.

ಇವರು ಯಾರು ಎಂದು ಆ ಪೆಟ್ಟಿಗೆ ಕೇಳುತ್ತಲೇ ಇತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು, ಅದರಲ್ಲಿ ಯಾಕೆ ಬರೆಯಲಿ? ಖಾಲಿ ಬಿಟ್ಟೆ. ಆದರೆ ಆ ಸಾಲುಗಳಲ್ಲಿ ಏನಿದೆ ಅಂತ ನನಗೆ ಗೊತ್ತಾಗಲೇಬೇಕಿತ್ತು. ಮೊದಲ ಗುರುತು ಮಾತ್ರ ಎಲ್ಲದರಲ್ಲೂ ಒಂದೇ ಥರ ಇತ್ತು, ಆಮೇಲಿನದು ಬೇರೆ ಬೇರೆ. ನನಗೆ ಹೇಳದೆ, ಎಂಟು ವರ್ಷ, ದಿನಾ ಏನು ಬರೆದರು?

ರಿಪೇರಿಯವನನ್ನು ಕರೆಸಿ ಬೈದದ್ದು ಆಗಲೇ. ‘ನಿನ್ನ ಯಾರಪ್ಪಾ ಕೇಳಿದ್ದು ಹೊಸಾದು ಹಾಕು ಅಂತ? ಧೂಳು ಹೊಡಿ ಅಂದ್ರೆ ಧೂಳು ಹೊಡೀಬೇಕು! ನಿನ್ನ ಮನೆ ಗುಡ್ಸೋಕೆ ಬಂದೋರು ನಿಮ್ಮಜ್ಜಿ ಫೋಟೋ ಗುಡ್ಸಿ ಹಾಕಿದ್ರೆ ಸುಮ್ನಿರ್ತೀಯಾ?’ ಕೆಳಗೆ ಗಿರಣಿಯವರು ಬೆಲ್ಟು ನಿಲ್ಲಿಸಿ ಕೇಳಿಸಿಕೊಂಡರಂತೆ.

ಅವನು ತಲೆ ತಗ್ಗಿಸಿ ನಿಂತಿದ್ದ. ‘ತಪ್ಪಾಯ್ತಕ್ಕಾ. ಒಳ್ಳೇದಾಗ್ಲಿ ಅಂತ ಮಾಡ್ದೆ. ಏನೂ ಅಳಿಸಿ ಹೋಗಿಲ್ಲ, ಹಳೇದರ ಪ್ರತಿ ಒಂದು ಒಳಗೇ ಇದೆ. ಆದ್ರೆ ಅದು ಓದ್ಬೇಕು ಅಂದ್ರೆ ಹಳೇ ಸಾಫ್ಟ್‌ವೇರೇ ಬೇಕು. ನೆಟ್ಟಲ್ಲಿ ನೋಡ್ದೆ, ಕಂಪನಿಯವ್ರು ತೆಗೆದ್ಬಿಟ್ಟವ್ರೆ. ಸಿಡಿ ಏನಾದ್ರೂ ಇದ್ಯಾ?’

ಇತ್ತು. ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿ. ಅವರು ಹೋದ ಮೇಲಿನ ಎರಡು ಹಬ್ಬಕ್ಕೂ ನಾನು ಅಂಗಡಿ ಬಾಗಿಲು ತೆಗೆದಿರಲಿಲ್ಲ, ಆ ಡಬ್ಬಿಯನ್ನೂ ಮುಟ್ಟಿರಲಿಲ್ಲ. ತಂದು ಕೊಟ್ಟೆ. ಅವನು ತಿರುಗಿಸಿ ಬೆಳಕಿಗೆ ಹಿಡಿದ.

‘ಅಕ್ಕಾ... ಇದೇನಿದು, ಕೆಂಪಗೆ?’

ಹೊಳೆಯುವ ಕಡೆ ಸುತ್ತಲೂ ಎಂಟು ಬೊಟ್ಟು. ಒಣಗಿ ಕಚ್ಚಿಕೊಂಡಿದ್ದವು. ಹಳೆಯವು ಮಾಸಿ ಕಂದು, ಕೊನೆಯದು ಇನ್ನೂ ಕೆಂಪು. ಪ್ರತಿ ಬೊಟ್ಟಿನಲ್ಲೂ ಹೆಬ್ಬೆರಳಿನ ಗೆರೆ ಎದ್ದು ಕಾಣುತ್ತಿತ್ತು. ‘ಈ ಕಡೆ ಯಾರಕ್ಕಾ ಕುಂಕುಮ ಇಡ್ತಾರೆ?’ ಎಂದು ನಗಲು ಹೋದವನು ನನ್ನ ಮುಖ ನೋಡಿ, ‘ಒರೆಸಿದ್ರೆ ಓದುತ್ತೆ, ನೋಡೋಣ’ ಎಂದು ಬ್ಯಾಗಿನಿಂದ ಸ್ಪಿರಿಟ್ಟು, ಹತ್ತಿ ತೆಗೆದ. ನಾನು ಸಿಡಿ ಕಿತ್ತುಕೊಂಡೆ.

‘ಬೇಡ. ನೀನು ಹೋಗಪ್ಪ ಇವತ್ತು’ ಎಂದೆ. ಸ್ಪಿರಿಟ್ಟು, ಹತ್ತಿ ಅಲ್ಲೇ ಬಿಟ್ಟು ಹೋದ.

ನಾಲ್ಕು ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಅವರ ಬಟ್ಟೆಯನ್ನೆಲ್ಲ ಕೊಟ್ಟಾಗಿತ್ತು. ಚಪ್ಪಲಿ ಯಾರೋ ಹಾಕಿಕೊಂಡು ಹೋದರು. ಅವರ ಕೈ ಅಂತ ಲೋಕದಲ್ಲಿ ಉಳಿದದ್ದು ಈ ಎಂಟು ಗುರುತು. ಅದನ್ನು ನಾನೇ ಒರೆಸಬೇಕು, ಒರೆಸಿದರೆ ಅವರ ಮಾತು ಸಿಗುತ್ತದೆ. ಒರೆಸಿಯೂ ಸಿಗದಿದ್ದರೆ? ಎರಡೂ ಹೋಯಿತಲ್ಲ ಶಿವನೇ! ಫೋಟೋದವಳು ತಾನೆ ನಾನು, ಮೊದಲು ಆ ಸಿಡಿಯನ್ನೇ ಕಪ್ಪು ಬಟ್ಟೆಯ ಮೇಲಿಟ್ಟು ಫೋಟೋ ತೆಗೆದೆ. ಹೊಳಪಿಗೆ ಲೈಟು ಚದುರುತ್ತಿತ್ತು, ಏಳೆಂಟು ಸಲ ತೆಗೆದ ಮೇಲೆ ಗೆರೆ ಸಮೇತ ಚೆನ್ನಾಗಿ ಬಂತು. ಆದರೂ ಸಮಾಧಾನವಾಗಲಿಲ್ಲ. ಬೊಟ್ಟಿನ ಮೇಲೆ ನನ್ನ ಹೆಬ್ಬೆರಳಿಟ್ಟರೆ ಸಣ್ಣಗೆ ತರಿತರಿ ತಾಗುತ್ತಿತ್ತು, ಫೋಟೋ ಮುಟ್ಟಿದರೆ ಬರೀ ನುಣುಪು.

ಐದನೆಯ ದಿನ ಯಾದಗಿರಿಯವಳು ಮತ್ತೆ ಬಂದಳು. ‘ಸಿಕ್ತೇನ್ರಿ ಅಕ್ಕಾರ?’

‘ಇನ್ನೂ ಇಲ್ಲಮ್ಮ.’

ಅವಳು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ‘ಇತ್ತೀಚಿಗೆ ಅವ್ವನ ಮುಖ ಸರಿಯಾಗಿ ಕಣ್ಮುಂದ ಬರವಲ್ದುರಿ. ಸೆರಗು ಬರ್ತದ, ಕೈ ಬರ್ತದ, ಮುಖ ಬರಂಗಿಲ್ಲ. ಅದಕ್ಕ ಕೇಳ್ಲಿಕತ್ತೀನಿ’ ಎಂದಳು. ತಪ್ಪು ಮಾಡಿದವಳ ಹಾಗೆ ಹೇಳಿದಳು.

ಒಳಗೆ ಬಂದು ಕೂತುಕೋ ಎಂದೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಅವಳ ಎದುರಿಗೇ ಒರೆಸಲು ಶುರುಮಾಡಿದೆ. ಹಳೆಯದರಿಂದ ಶುರುಮಾಡಿದೆ. ಕೊನೆಯ ಬೊಟ್ಟಿಗೆ ಬರುವಾಗ ಕೈ ನಿಂತಿತು, ಅತ್ತುಬಿಟ್ಟೆ. ಆ ಹೆಂಗಸು ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಅದನ್ನೂ ಒರೆಸಿದೆ. ಕೆಂಪಾದ ಹತ್ತಿಯನ್ನು ಎಸೆಯಲು ಮನಸ್ಸು ಬರದೆ ಅದೇ ಡಬ್ಬಿಯಲ್ಲಿಟ್ಟೆ.

ರಿಪೇರಿಯವನಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಓಡಿ ಬಂದ, ಪಾಪ. ಸಿಡಿ ಒಳಗೆ ಹೋಗಿ ಕೊರ್ರೋ ಎಂದಿತು, ನಿಂತಿತು, ಮತ್ತೆ ಕೊರ್ರೋ ಎಂದಿತು. ಮೂವರೂ ಸ್ಕ್ರೀನನ್ನೇ ನೋಡುತ್ತಿದ್ದೆವು. ಆಮೇಲೆ ಓದಲು ಶುರುವಾಯಿತು. ಅವರು ಬರೆದ ನಂಬರನ್ನು ನಾನು ಒಂದೊಂದೇ ಅಕ್ಷರ ಓದಿ ಹೇಳಿದೆ, ಅವನು ಹೊಡೆದ. ಸ್ಕ್ರೀನಿನ ಮೇಲೆ ಆ ಹಳೆಯ ಬೂದು ಬಣ್ಣದ ಪೆಟ್ಟಿಗೆ, ಆ ಹಳೆಯ ಒರಟು ಗುಂಡಿಗಳು ಬಂದವು. ಕೆಳಗೆ ದುಂಡುದುಂಡಗೆ ಕನ್ನಡ!

‘ನೆಲ’ ಎಂದು ಹುಡುಕಿದೆ. ಎರಡು ಬಂದವು. ಒಂದರಲ್ಲಿ ಯಾವುದೋ ಮಗು ನೆಲದ ಮೇಲೆ ಬಿದ್ದು ರಂಪ ಮಾಡುತ್ತಿತ್ತು. ಇನ್ನೊಂದರಲ್ಲಿ ಒಬ್ಬ ಮುದುಕಿ ಚಕ್ಕಳಮಕ್ಕಳ ಹಾಕಿ, ತಲೆ ಮೇಲೆ ಸೆರಗು ಹೊದ್ದು, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಾ ಕೂತಿದ್ದಾಳೆ. ಕೆಳಗೆ: ‘ಕುರ್ಚಿ ಬೇಡ ಅಂದ್ರು. ನೆಲದಲ್ಲೇ ರಾಣಿ.’

‘ಯವ್ವಾ’ ಎಂದಳು ಅವಳು, ಸ್ಕ್ರೀನಿಗೆ ಕೈಚಾಚಿ. ದೊಡ್ಡದಾಗಿ ಒಂದು, ಚಿಕ್ಕದಾಗಿ ಎರಡು ಪ್ರಿಂಟು ತೆಗೆದುಕೊಟ್ಟೆ. ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲಿಳಿದಳು. ರಿಪೇರಿಯವನು, ‘ಇನ್ಮೇಲೆ ಧೂಳಷ್ಟೇ ಅಕ್ಕಾ’ ಎಂದು ಹೋದ.

ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂತೆ. ಆ ಟೆಸ್ಟ್ ಫೋಟೋಗಳಲ್ಲಿ ಏನಿರಬಹುದು? ‘ಲೈಟ್’ ಎಂದು ಹುಡುಕಿದೆ. ಬಂದವು, ಕಂಪ್ಯೂಟರಿಗೆ ಹಾಕಿದ ಕ್ರಮದಲ್ಲೇ, ಸಾವಿರಾರು.

‘ಲೈಟ್ ಸರಿ. ಇವಳು ಇವತ್ತು ಸಪ್ಪಗೆ.’

‘ಲೈಟ್ ಸರಿ. ಹೊಸ ಸೀರೆ. ನಾನು ಹೇಳ್ಲಿ ಅಂತ ಕಾಯ್ತಿದಾಳೆ.’

‘ಲೈಟ್ ಕಮ್ಮಿ. ನಿನ್ನೆ ಜಗಳದ್ದು ಇನ್ನೂ ಇದೆ.’

‘ಲೈಟ್ ಸರಿ. ಒಂದು ಕಣ್ಣು ಮುಚ್ಚಿ ನೋಡೋವಾಗ ಚೆನ್ನಾಗ್ ಕಾಣ್ತಾಳೆ.’

ಫೋಟೋದಲ್ಲಿ ಅವರು. ಸಾಲಿನಲ್ಲಿ ನಾನು. ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕುರ್ಚಿಯಲ್ಲಿ ಕೂತ ಮನುಷ್ಯ ಎದುರಿಗೆ ಕಂಡದ್ದನ್ನು ಬರೆದಿದ್ದಾರೆ, ಎದುರಿಗಿದ್ದವಳು ನಾನು. ಅಷ್ಟು ವರ್ಷ ಊರವರ ಫೋಟೋ ತೆಗೆದೆ, ಆ ಅಂಗಡಿಯಲ್ಲಿ ನನ್ನದು ಅಂತ ಒಂದು ಫೋಟೋ ಇರಲಿಲ್ಲ. ಅದರ ಬಗ್ಗೆ ಒಂದೆರಡು ಸಲ ಗೊಣಗಿದ್ದೂ ಉಂಟು. ಎಲ್ಲ ಓದಿದೆ. ಕೆಳಗೆ ಗಿರಣಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಒಬ್ಬಳೇ ನಕ್ಕೆ, ಒಬ್ಬಳೇ ಅತ್ತೆ, ಜಗಳದ್ದು ಬಂದಾಗ ಸ್ಕ್ರೀನಿಗೇ ಜವಾಬು ಕೊಟ್ಟೆ.

ಕೊನೆಯದು, ಅವರು ಮೆಟ್ಟಿಲ ಮೇಲೆ ಕೂತ ದಿನದ ಹಿಂದಿನ ಬೆಳಗ್ಗೆಯದು. ‘ಲೈಟ್ ಸರಿ. ಇವಳದ್ದೂ ಒಂದು ಫೋಟೋ ತೆಗೀಬೇಕು. ನಾಳೆ.’

‘ನಾಳೆ ಅಂತೆ ನಾಳೆ!’ ಎಂದು ಜೋರಾಗಿಯೇ ಬೈದೆ. ‘ಯಾವತ್ತಿಗೂ ನಿಮ್ದು ನಾಳೆನೇ ಆಯ್ತಲ್ಲ ರೀ.’

ಮಾರನೆಯ ಬೆಳಗ್ಗೆ ಅಂಗಡಿ ತೆಗೆದು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಓಡಿ ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಫ್ಲ್ಯಾಷ್ ಹೊಡೆಯಿತು. ಫೋಟೋವನ್ನು ಆ ಹಳೆಯ ಬೂದು ಪೆಟ್ಟಿಗೆಯಲ್ಲಿ ತೆರೆದೆ. ಕೆಳಗಿನ ಪಟ್ಟಿಯಲ್ಲಿ ‘ಲೈಟ್ ಸರಿ’ ಎಂದು ಬರೆದೆ. ಮುಂದಿನ ಮಾತಿಗೆ ತುಂಬ ಹೊತ್ತು ಕಾದೆ. ಎದುರಿಗೆ ಯಾರಿದ್ದರು ಅಂತ ಬರೆಯಲಿ? ಅಷ್ಟಕ್ಕೇ ಬಿಟ್ಟು ಗಿರಾಕಿಗೆ ಬಾಗಿಲು ತೆಗೆದೆ.